ಸೀನರಿ ಮನೆಯ ವೆಬ್‌ಸೈಟು

ಕಡಬದ ಅಡವಿಯಪ್ಪ ಯಾವಾಗ ಬಂದರೂ ಹೊಸ್ತಿಲಾಚೆ ನಿಲ್ಲುವವನಲ್ಲ. ಚಪ್ಪಲಿ ಕಳಚಿ, "ಅಕ್ಕಾ, ಒಂದ್ ಲೋಟ ಮಜ್ಜಿಗೆ" ಎನ್ನುತ್ತಲೇ ನಡುಮನೆಗೆ ಬಂದು, ಸುತ್ತಿಟ್ಟ ಪರದೆಗಳ ಪಕ್ಕದ ಬೆಂಚಿನ ಮೇಲೆ ಕೂತುಬಿಡುತ್ತಿದ್ದ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಬಂದವನು ಮಾತ್ರ ಜಗಲಿಯ ಮೇಲೇ ಉಳಿದ. ಸಿದ್ದಗಂಗಮ್ಮ ಮಜ್ಜಿಗೆ ತಂದುಕೊಟ್ಟರೆ ಕುಡಿಯದೆ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆ ನೋಡುತ್ತಿದ್ದ.

"ಈ ಸಲ ನಾಟ್ಕ ಯಾವಾಗ ಇಟ್ಕೊಂಡಿದೀರ ಅಡವಿಯಪ್ಪ?" ಎಂದು ಅವಳೇ ಕೇಳಿದಳು.

"ಶಿವರಾತ್ರಿ ಆದ್ಮೇಲೆ ಅಕ್ಕ."

"ಸೀನು ಎಲ್ಲಾ ಬೇಕಾ? ಇಲ್ಲ ಹೋದ್ಸಲದಂಗೆ ಕೈಲಾಸ ಬುಟ್ಟು ಮಿಕ್ಕಿದ್ದಾ?"

"ಅದನ್ನೇ ಹೇಳಾನಾ ಅಂತ ಬಂದೆ. ನಮ್ ಹುಡ್ರು ಮೊಬೈಲಲ್ಲಿ ನೋಡಿ ಬೆಂಗ್ಳೂರ್ ಕಡೆಯವ್ರನ್ನ ಬುಕ್ ಮಾಡ್ಬುಟ್ಟವ್ರೆ. ಎಲ್‌ಇಡಿ ಪರ್ದೆಯಂತೆ. ಅವ್ರು ಫೋಟೋ, ವಿಡಿಯೋ ಎಲ್ಲಾ ಮೊಬೈಲಲ್ಲೇ ಹಾಕವ್ರೆ. ನಿಮ್ದೂ ಹುಡುಕುದ್ರಂತೆ, ಸಿಗ್ಲಿಲ್ವಂತೆ."

"ಸಿಗ್ಲಿಲ್ಲ ಅಂದ್ರೆ? ಕಡಬದಿಂದ ಗುಬ್ಬಿಗೆ ದಾರಿ ಗೊತ್ತಿಲ್ವಾ ಅವ್ರಿಗೆ?"

"ದಾರಿ ಗೊತ್ತೈತೆ ಅಕ್ಕ. ಮೊಬೈಲಲ್ಲಿ ಸಿಗ್ಲಿಲ್ಲ."

ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರಿಗೆ ಬಣ್ಣ ಬರೆದ ಪರದೆ, ಕಿರೀಟ, ಭುಜಕೀರ್ತಿ, ಗದೆ, ಮಖಮಲ್ಲಿನ ನಿಲುವಂಗಿ ಇವನ್ನೆಲ್ಲ ಬಾಡಿಗೆಗೆ ಕೊಡುವುದು ಆ ಮನೆಯ ಕಸುಬು. ಪರದೆಯನ್ನು ಅವರು ಸೀನು ಎನ್ನುತ್ತಿದ್ದರು. ಗುಬ್ಬಿಯ ಜನ ಮನೆಯನ್ನೇ ಸೀನರಿ ಮನೆ ಎನ್ನುತ್ತಿದ್ದರು. ಕಡಬದ ಕೆರೆ ಕೋಡಿ ಬಿದ್ದ ವರ್ಷವೂ, ಬತ್ತಿದ ವರ್ಷವೂ ಅಲ್ಲಿಯ ನಾಟಕಕ್ಕೆ ಸೀನು ಹೋಗುತ್ತಿದ್ದದ್ದು ಇಲ್ಲಿಂದಲೇ. ಸಿದ್ದಗಂಗಮ್ಮನ ಮಾವ ಇದ್ದಾಗಲೂ ಹಾಗೇ, ಮಾವ ಹೋದ ಮೇಲೂ ಹಾಗೇ.

ಅಡವಿಯಪ್ಪ ಕೊನೆಗೂ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದು, ಒಳಗೆ ಕೇಳಿಸುವಂತೆ "ಅಯ್ನೋರೇ, ಬರ್ತೀನಿ" ಎಂದು ಹೊರಟುಹೋದ. ಒಳಕೋಣೆಯಲ್ಲಿ ಅವಳ ಗಂಡ ರುದ್ರಯ್ಯ ಮಂಚದ ಮೇಲೆ ಕೂತಿದ್ದ. ಎಲ್ಲವೂ ಕೇಳಿಸಿತ್ತು. "ಹೂಂ" ಎಂದನೇ ಹೊರತು ಹೊರಗೆ ಬರಲಿಲ್ಲ.

ಸಿದ್ದಗಂಗಮ್ಮ ಹುಟ್ಟಿದ್ದು ಕುಣಿಗಲ್ ದಾಟಿ ಹುಲಿಯೂರುದುರ್ಗದ ದಾರಿಯಲ್ಲಿ ಸಿಗುವ ಒಂದು ಸಣ್ಣ ಊರಿನಲ್ಲಿ. ರಾಗಿ ಹೊಲ, ಒಂದಿಷ್ಟು ತೆಂಗಿನ ಮರ, ಹಟ್ಟಿ ತುಂಬ ದನ ಇದ್ದ ಮನೆ. ಅವಳು ಹೈಸ್ಕೂಲು ಓದುತ್ತಿದ್ದಾಗ ಆ ಊರಿನವರು ಒಂದು ನಾಟಕ ಕಲಿತರು. ಆಡುವ ದಿನ ಮಧ್ಯಾಹ್ನ ಗುಬ್ಬಿಯಿಂದ ಲಾರಿ ಬಂತು. ಶಾಲೆಯ ಬಯಲಿನಲ್ಲಿ ಕಂಬ ನೆಟ್ಟು, ಹಗ್ಗ ಎಳೆದು, ಒಂದೊಂದೇ ಪರದೆಯನ್ನು ಬಿಚ್ಚಿ ನೇತುಹಾಕುತ್ತಿದ್ದರು. ಕೆಲಸದವರಿಗೆ ನೀರು ಕೊಟ್ಟು ಬಾ ಎಂದು ಅವಳ ತಾಯಿ ಬಿಂದಿಗೆ ಕೊಟ್ಟು ಕಳಿಸಿದ್ದಳು.

ಅವಳು ಹೋದಾಗ ಉದ್ಯಾನವನದ ಸೀನಿನ ಮುಂದೆ ಏಣಿ ಹಾಕಿಕೊಂಡು ತೆಳ್ಳಗಿನ ಹುಡುಗನೊಬ್ಬ ನಿಂತಿದ್ದ. ತೆಂಗಿನ ಚಿಪ್ಪಿನಲ್ಲಿ ಹಸಿರು ಬಣ್ಣ, ಬಾಯಲ್ಲಿ ಇನ್ನೊಂದು ಕುಂಚ. ಮಾವಿನ ಕೊಂಬೆಯ ಮೇಲೆ ಅವನು ಗಿಳಿಯೊಂದನ್ನು ಬರೆಯುತ್ತಿದ್ದ. ಅವಳು ನೋಡುತ್ತಲೇ ನಿಂತಳು. ರೆಕ್ಕೆ ಆಯಿತು, ಕೊಕ್ಕು ಆಯಿತು, ಕಣ್ಣು ಇಟ್ಟಾಗ ಗಿಳಿ ತನ್ನನ್ನೇ ನೋಡಿದಂತಾಯಿತು.

"ಗಿಳಿ ಯಾಕೆ ಅಲ್ಲಿ?" ಎಂದು ಕೇಳಿಬಿಟ್ಟಳು.

ಹುಡುಗ ತಿರುಗಿ ನೋಡಿದ. ಬಾಯಿಂದ ಕುಂಚ ತೆಗೆದು, "ಹರಿದಿದೆ, ಅದ್ಕೆ" ಎಂದ.

ಅವನೇ ರುದ್ರಯ್ಯ. ಲಾರಿಯಿಂದ ಇಳಿಸುವಾಗ ಪರದೆ ಗೂಟಕ್ಕೆ ಸಿಕ್ಕಿ ಹರಿದಿತ್ತು. ಹಿಂದಿನಿಂದ ತೇಪೆ ಹಾಕಿ, ಮುಂದಿನಿಂದ ಗಿಳಿ ಬರೆದು ಮುಚ್ಚುತ್ತಿದ್ದ. ಆ ನಾಟಕದಲ್ಲಿ ಯಾರು ಚೆನ್ನಾಗಿ ಹಾಡಿದರು, ಯಾರು ಮಾತು ಮರೆತರು ಎಂದು ಊರೆಲ್ಲ ತಿಂಗಳುಗಟ್ಟಲೆ ಮಾತಾಡಿತು. ಅವಳಿಗೆ ನೆನಪಿದ್ದದ್ದು ಗಿಳಿ ಮಾತ್ರ. ಎರಡು ವರ್ಷದ ಮೇಲೆ ಗುಬ್ಬಿಯಿಂದ ಸಂಬಂಧ ಕೇಳಿಕೊಂಡು ಬಂದವರಿಗೆ ಅವಳ ತಂದೆ, "ಹುಡುಗ ಏನು ಕೆಲ್ಸ ಮಾಡ್ತಾನೆ?" ಎಂದು ಕೇಳುತ್ತಿದ್ದಾಗ ಅಡುಗೆಮನೆಯಲ್ಲಿದ್ದ ಅವಳಿಗೆ ಉತ್ತರ ಮೊದಲೇ ಗೊತ್ತಿತ್ತು.

ಸೀನರಿ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳು ಹೊಲಿಗೆ ಕಲಿತಳು. ಮಖಮಲ್ಲು ಕತ್ತರಿಸುವುದು, ಜರಿ ಕೂರಿಸುವುದು, ಮಣಿ ಪೋಣಿಸುವುದು. ರಾಜಪಾರ್ಟಿನವನ ಹೊಟ್ಟೆ ಎಷ್ಟು ದೊಡ್ಡದಿದ್ದರೂ ಹಿಂದಿನ ದಾರ ಸಡಿಲಿಸಿದರೆ ಹಿಡಿಯುವಂತೆ ನಿಲುವಂಗಿ ಹೊಲಿಯುವುದು. ಶಿವರಾತ್ರಿಯಿಂದ ಮುಂಗಾರು ಮಳೆ ಬೀಳುವವರೆಗೂ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಲಾರಿ ಬೆಳಗ್ಗೆ ಬಂದರೆ ಮಧ್ಯಾಹ್ನ ಮತ್ತೊಂದು ಊರಿಗೆ ಹೋಗಬೇಕು. ಅಷ್ಟರಲ್ಲಿ ಬೆವರು, ಬಣ್ಣ ಮೆತ್ತಿದ ಬಟ್ಟೆಗಳನ್ನು ಬಿಸಿಲಿಗೆ ಹರವಿ, ಕಿತ್ತ ಮಣಿ ಹೊಲಿದು ಕಳಿಸಬೇಕು. ಸ್ತ್ರೀಪಾತ್ರ ಮಾಡಲು ತುಮಕೂರಿನಿಂದ ಬರುವ ಕಲಾವಿದೆಯರು ಎಷ್ಟೋ ಸಲ ಇವರ ಮನೆಯಲ್ಲೇ ಮಲಗಿ ಎದ್ದು, ಅವಳ ಜೊತೆ ಮುದ್ದೆ ಉಂಡು ಹೋಗುತ್ತಿದ್ದರು.

ಆಗ ಗಿರಾಕಿಗಳನ್ನು ಹುಡುಕುವ ಮಾತೇ ಇರಲಿಲ್ಲ. ಒಂದು ಊರಿನ ನಾಟಕ ನೋಡಲು ಸುತ್ತಲ ಊರುಗಳಿಂದ ಜನ ಬರುತ್ತಿದ್ದರು. ದರ್ಬಾರ್ ಸೀನು ಬಿಟ್ಟ ಕೂಡಲೇ ಬಯಲಿನಲ್ಲಿ ಶಿಳ್ಳೆ. ನಾಟಕ ಮುಗಿಯುವ ಮೊದಲೇ ಪಕ್ಕದೂರಿನ ಹಿರಿಯರು ಪರದೆಯ ಹಿಂದೆ ಬಂದು, ರುದ್ರಯ್ಯನ ಕೈಗೆ ವೀಳ್ಯ ಕೊಟ್ಟು, "ನಮ್ಮೂರಿಗೂ ಇದೇ ಸೀನು ಬರ್ಬೇಕು ಅಯ್ನೋರೇ" ಎಂದು ಮಾತು ಮುಗಿಸಿಬಿಡುತ್ತಿದ್ದರು.

ಈಗ ಹುಡುಗರು ಮೊಬೈಲಿನಲ್ಲಿ ಹುಡುಕುತ್ತಾರೆ. ಅಲ್ಲಿ ಕಾಣದವರು ಎಲ್ಲೂ ಇಲ್ಲ.

ಭಾನುವಾರ ಮಗಳು ಭೂಮಿಕಾ ಬಂದಾಗ ಸಿದ್ದಗಂಗಮ್ಮ ಈ ಮಾತು ತೆಗೆದಳು. ಭೂಮಿಕಾ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಮದುವೆಯಾಗಿ ಗುಬ್ಬಿಯಲ್ಲೇ ಎರಡು ಬೀದಿ ಆಚೆಗಿದ್ದಾಳೆ.

"ಅಮ್ಮ, ನಾನು ಎಷ್ಟು ಸಲ ಹೇಳಿದೀನಿ, ಒಂದು ವೆಬ್‌ಸೈಟ್ ಮಾಡೋಣ ಅಂತ. ಈಗ ಅದಕ್ಕೆ ಯಾರನ್ನೂ ಕೇಳ್ಬೇಕಾಗಿಲ್ಲ. ಪ್ಲಾಟ್‌ಫಾರ್ಮ್ ಅಂತ ಇರ್ತವೆ. ಅಲ್ಲಿ ರೆಡಿ ಮಾಡಿಟ್ಟಿರ್ತಾರೆ, ನಾವು ಫೋಟೋ ಹಾಕಿ, ಅಕ್ಷರ ಬರೆದ್ರೆ ಆಯ್ತು. ಪುಕ್ಕಟೆ ಕೊಡೋರೂ ಇದಾರೆ."

"ಪುಕ್ಕಟೆ ಯಾಕ್ ಕೊಡ್ತಾರೆ?"

"ಕೊಡ್ತಾರೆ, ಬಿಡು."

ಅವತ್ತೇ ಲ್ಯಾಪ್‌ಟಾಪ್ ತೆರೆದು ಕೂತರು. ಮೊದಲಿಗೆ ಅದು ನಿಮ್ಮದು ಎಂಥ ವ್ಯಾಪಾರ ಎಂದು ಕೇಳಿತು. ಹೋಟೆಲು, ಯೋಗ, ಬ್ಯೂಟಿ ಪಾರ್ಲರು, ನಾಯಿ ಸಾಕುವವರು, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಡ್ರಾಮಾ ಸೀನರಿಗೆ ಇರಲಿಲ್ಲ. ಕೊನೆಗೆ ಭೂಮಿಕಾ ಮದುವೆ ಸಮಾರಂಭಗಳ ಗುಂಪಿಗೆ ಸೇರಿಸಿದಳು. ಬಂದ ಮಾದರಿ ಪುಟದಲ್ಲಿ ಬಿಳಿ ಗೌನು ತೊಟ್ಟ ಯಾರೋ ವಿದೇಶದ ಹೆಣ್ಣುಮಗಳು ಹೂ ಹಿಡಿದು ನಗುತ್ತಿದ್ದಳು. ಅವಳನ್ನು ತೆಗೆದು, ಭೂಮಿಕಾಳ ಫೋನಿನಲ್ಲಿದ್ದ ಹಳೆಯ ಫೋಟೋಗಳನ್ನು ಕೂರಿಸಿದರು. ಸಂಜೆಯ ಹೊತ್ತಿಗೆ ವೆಬ್‌ಸೈಟು ಸಿದ್ಧವಾಯಿತು.

ಸಿದ್ಧವೇನೋ ಆಯಿತು. ಆದರೆ ಆ ಪ್ಲಾಟ್‌ಫಾರ್ಮಿನಲ್ಲಿ ಫೋಟೋಗಳೆಲ್ಲ ಚೌಕವಾಗಿಯೇ ಕೂರಬೇಕು. ಮನೆಯ ಅಗಲಕ್ಕೂ ಮೀರಿದ ದರ್ಬಾರ್ ಸೀನಿನ ಎರಡೂ ಬದಿ ಕತ್ತರಿಸಿಹೋಗಿ, ನಡುವಿನ ಸಿಂಹಾಸನ ಮಾತ್ರ ಉಳಿದಿತ್ತು. ಕಂಬಗಳಿಲ್ಲ, ಆನೆಗಳಿಲ್ಲ. ‘ವಸ್ತ್ರಾಲಂಕಾರ’ ಎಂದು ಬರೆದದ್ದರಲ್ಲಿ ಒತ್ತಕ್ಷರಗಳು ಕಳಚಿಕೊಂಡು ಒಂದರ ಪಕ್ಕ ಒಂದು ನಿಂತಿದ್ದವು. ಎಲ್ಲಕ್ಕೂ ಮೇಲೆ, ಪುಟದ ನೆತ್ತಿಯಲ್ಲಿ, ತಲೆಹೊಟ್ಟಿನ ಶಾಂಪೂವಿನ ಜಾಹೀರಾತು.

"ಇದಕ್ಕೇ ಪುಕ್ಕಟೆ ಕೊಟ್ಟಿರೋದು" ಎಂದಳು ಸಿದ್ದಗಂಗಮ್ಮ.

ಆದರೂ ಗಂಡನಿಗೆ ತೋರಿಸೋಣ ಎಂದು ಫೋನನ್ನು ಒಳಗೆ ಒಯ್ದಳು. ರುದ್ರಯ್ಯನ ಕೈ ನಡುಗಲು ಶುರುವಾಗಿ ಕೆಲವು ವರ್ಷಗಳಾಗಿದ್ದವು. ಕುಂಚ ಬಿಟ್ಟ ಮೇಲೆ ಅವನು ಪರದೆಗಳ ಕಡೆ ಹೋಗುವುದನ್ನೂ ಕಮ್ಮಿ ಮಾಡಿದ್ದ. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಮುಖದ ಹತ್ತಿರ ತಂದು, ದೂರ ಸರಿಸಿ ನೋಡಿದ.

"ಇದ್ಯಾರ ಸೀನು?" ಎಂದ.

ಅವಳಿಗೆ ಕಡಬ ಕೈತಪ್ಪಿದ್ದಕ್ಕಿಂತ ಹೆಚ್ಚು ಅದು ನಾಟಿತು. "ಯಾರ್ದೋ" ಎಂದು ಹೇಳಿ ಫೋನು ವಾಪಸು ತಂದಳು. ಅವತ್ತೇ ಭೂಮಿಕಾಳಿಗೆ ಹೇಳಿ ಆ ವೆಬ್‌ಸೈಟನ್ನು ತೆಗೆಸಿಹಾಕಿದಳು.

ಮುಂದಿನ ವಾರ ಅವಳು ಒಬ್ಬಳೇ ಬಸ್ಸು ಹತ್ತಿ ತುಮಕೂರಿಗೆ ಹೋದಳು. ಬಿ.ಎಚ್. ರಸ್ತೆಯಲ್ಲಿ ಒಂದು ಬೇಕರಿಯ ಮಾಳಿಗೆಯ ಮೇಲೆ ಕಿರಣ್‌ಕುಮಾರ್ ಎಂಬವನ ಆಫೀಸು. ಅಂಗಡಿಯವರಿಗೆ, ಕಲ್ಯಾಣಮಂಟಪದವರಿಗೆ ವೆಬ್‌ಸೈಟು ಮಾಡಿಕೊಡುತ್ತಾನೆ ಎಂದು ಭೂಮಿಕಾಳ ಆಫೀಸಿನವರು ಯಾರೋ ಹೇಳಿದ್ದರು. ಮೆಟ್ಟಿಲು ಹತ್ತುವಾಗ ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು. ಮೂವತ್ತರ ಆಸುಪಾಸಿನ ಹುಡುಗ, ಕುರ್ಚಿ ಒರೆಸಿ ಕೂರಿಸಿ, ಟೀ ತರಿಸಿದ.

"ನಾನೇ ಎಲ್ಲಾ ಮಾಡ್ಕೊಡ್ತೀನಿ ಅಕ್ಕ. ನೀವು ಫೋಟೋ ಕೊಟ್ಬಿಟ್ರೆ ಸಾಕು" ಎಂದು ತಾನು ಮಾಡಿದ ಒಂದೆರಡು ಸೈಟುಗಳನ್ನು ತೋರಿಸಿದ. ಚೆಂದವಾಗಿಯೇ ಇದ್ದವು.

"ಸೀನು ಈ ತುದಿಯಿಂದ ಆ ತುದಿವರ್ಗೂ ಕಾಣ್ಬೇಕು. ಕತ್ತರಿಸ್ಬಾರ್ದು" ಎಂದಳು ಅವಳು.

"ಕಾಣ್ಸೋಣ."

"ಕನ್ನಡ ಅಕ್ಷರ ಒಡೀಬಾರ್ದು."

"ಒಡೆಯಲ್ಲ. ಅದಕ್ಕೆ ಸರಿಯಾದ ಫಾಂಟ್ ಹಾಕ್ತೀನಿ."

"ಯಾವ ದಿನ ಸೀನು ಖಾಲಿ ಇದೆ, ಯಾವ ದಿನ ಹೋಗಿದೆ ಅಂತ ನೋಡೋರಿಗೆ ಗೊತ್ತಾಗ್ಬೇಕು. ಸೀಸನ್ನಲ್ಲಿ ಒಂದೇ ದಿನಕ್ಕೆ ಎರಡು ಊರಿನವ್ರು ಮಾತು ತಗೊಂಡ್ಬಿಟ್ರೆ ಜಗಳ ಆಗ್ತದೆ. ನಮ್ಮ ಮಾವನೋರ ಕಾಲ್ದಲ್ಲಿ ಒಂದ್ಸಲ ಆಗಿ, ಆ ಎರಡೂ ಊರಿನವ್ರು ಲಾರಿ ಮುಂದೆ ಕೂತ್ಬಿಟ್ಟಿದ್ರು."

ಕಿರಣ್‌ಕುಮಾರ್ ನಕ್ಕ. "ದಿನ ಬದಲಾದಾಗೆಲ್ಲ ನಂಗೊಂದು ಫೋನ್ ಮಾಡಿ, ನಾನು ಇಲ್ಲಿಂದ ಬದಲಾಯಿಸ್ತೀನಿ."

"ನೀವು ಊರಲ್ಲಿಲ್ದೆ ಇದ್ರೆ?"

ಅವನು ಪೆನ್ನನ್ನು ಮೇಜಿನ ಮೇಲೆ ಒಂದೆರಡು ಸಲ ಉರುಳಿಸಿ, ಕಂಪ್ಯೂಟರಿನಲ್ಲಿ ಬೇರೆ ಏನನ್ನೋ ತೆರೆದ.

"ಅಕ್ಕ, ನೋಡಿ. ಇದು ನಾನು ಮಾಡಿದ್ದಲ್ಲ. ಹೊರಗಿನ ಕಂಪನಿದು. ವರ್ಷಕ್ಕಿಷ್ಟು ಅಂತ ಬಾಡಿಗೆ ಕಟ್ಬೇಕು. ಜಾಹೀರಾತು ಇರಲ್ಲ. ಫೋಟೋ ಪೂರ್ತಿ ಅಗಲ ಬರುತ್ತೆ. ಕ್ಯಾಲೆಂಡರ್ ಇದರೊಳಗೇ ಇದೆ. ಒಂದ್ಸಲ ಕಲಿತ್ಬಿಟ್ರೆ ಗುಬ್ಬಿಲಿ ಮನೇಲಿ ಕೂತ್ಕೊಂಡು ನೀವೇ ಎಲ್ಲಾ ಬದಲಾಯಿಸ್ಬೋದು. ನನ್ನತ್ರ ಮಾಡ್ಸುದ್ರೆ ಸಣ್ಣದಕ್ಕೂ ನನ್ನೇ ಕೇಳ್ಬೇಕು. ನನ್ನ ವ್ಯಾಪಾರಕ್ಕೆ ಅದೇ ಒಳ್ಳೇದು, ಆದ್ರೆ ನೀವು ಕೇಳ್ತಿರೋದಕ್ಕೆ ಇದೇ ಸರಿ."

"ಬಾಡಿಗೆ ನಿಲ್ಲಿಸ್ಬಿಟ್ರೆ?"

"ಸೈಟು ಕಾಣಲ್ಲ. ಸೈಟಿನ ವಿಳಾಸದ ಹೆಸರು ಮಾತ್ರ ನಿಮ್ಮದಾಗೇ ಇರುತ್ತೆ, ಬೇಕಾದ್ರೆ ಬೇರೆ ಕಡೆ ತಗೊಂಡೋಗ್ಬೋದು. ಆ ಹೆಸರನ್ನ ನಿಮ್ಮ ಹೆಸರಲ್ಲೇ ರಿಜಿಸ್ಟರ್ ಮಾಡಿಸ್ಕೊಳ್ಳಿ. ಯಾರೇ ಮಾಡ್ಕೊಟ್ರೂ ಅವರ ಹೆಸರಲ್ಲಿ ಬೇಡ, ನನ್ನ ಹೆಸರಲ್ಲೂ ಬೇಡ."

ವಾಪಸು ಬರುವ ಬಸ್ಸಿನಲ್ಲಿ ಅವಳು ಅದನ್ನೇ ಯೋಚಿಸುತ್ತ ಕೂತಿದ್ದಳು. ಭೂಮಿಕಾಳಿಗೆ ಬಾಡಿಗೆ ಎಂದರೆ ಇಷ್ಟವಾಗುವುದಿಲ್ಲ, ಸ್ವಂತದ್ದಾಗಿರಬೇಕು ಎನ್ನುತ್ತಾಳೆ. ಸಿದ್ದಗಂಗಮ್ಮನಿಗೆ ಬಾಡಿಗೆ ಎಂಬ ಮಾತಿನಲ್ಲಿ ಭಯವೇ ಕಾಣಲಿಲ್ಲ. ಸಂಜೆಗೆ ಅರಮನೆ ಕಟ್ಟಿ, ಬೆಳಗ್ಗೆ ಅದನ್ನು ಸುತ್ತಿ ಲಾರಿಗೆ ಹಾಕುವುದನ್ನೇ ಮಾಡಿಕೊಂಡು ಬಂದವರು ತಾವು. ಆ ಒಂದು ರಾತ್ರಿ ಅರಮನೆ ಚೆನ್ನಾಗಿ ಕಾಣಬೇಕು, ಅಷ್ಟೇ. ಬಸ್ಸು ಗುಬ್ಬಿ ಮುಟ್ಟುವ ಹೊತ್ತಿಗೆ ಅವಳ ಮನಸ್ಸು ಗಟ್ಟಿಯಾಗಿತ್ತು.

ಒಪ್ಪದಿದ್ದವನು ರುದ್ರಯ್ಯ. ವೆಬ್‌ಸೈಟಿಗೆ ಅವನ ತಕರಾರಿರಲಿಲ್ಲ, ಫೋಟೋಗಿತ್ತು.

"ಸೀನು ಬಿಸಿಲಲ್ಲಿ ನೋಡೋ ವಸ್ತು ಅಲ್ಲ ಕಣೇ" ಎಂದ. "ಹಗಲಲ್ಲಿ ತೇಪೆ ಕಾಣ್ತದೆ, ಮಡಿಕೆ ಕಾಣ್ತದೆ, ಬಣ್ಣ ಉದುರಿರೋದು ಕಾಣ್ತದೆ. ಅದನ್ನೇ ಊರಿಗೆಲ್ಲ ತೋರಿಸ್ತೀಯಾ?"

"ಹಗಲಲ್ಲಿ ಬೇಡ ರೀ. ಪಕ್ಕದ ಖಾಲಿ ಜಾಗದಲ್ಲಿ ಕಂಬ ಹಾಕ್ಸಿ, ದೀಪ ಹಾಕಿ ತೆಗೆಸೋಣ. ನಾಟಕದಲ್ಲಿ ಹೆಂಗಿರ್ತದೋ ಹಂಗೆ."

ಅವನು ಗೋಡೆಯ ಕಡೆ ತಿರುಗಿದ. ಅವಳು ಮತ್ತೆ ಕೇಳಲಿಲ್ಲ. ಒಂದು ಬೆಳಗ್ಗೆ ಅವಳು ಹಿತ್ತಲಿನಿಂದ ಬಂದು ನೋಡಿದರೆ ಅವನು ನಡುಮನೆಯಲ್ಲಿ ಕೂತು, ಪರದೆ ಎಳೆಯುವ ಹಗ್ಗಗಳನ್ನು ಒಂದೊಂದಾಗಿ ಕೈಯಲ್ಲಿ ಸವರಿ ನೋಡುತ್ತಿದ್ದ. "ಇದೊಂದು ಹೊಸದು ಬೇಕು. ಇದು ತಡೆಯಲ್ಲ" ಎಂದ.

ಹಾಗೆ ಒಂದು ಶನಿವಾರ ಸಂಜೆ ಪಕ್ಕದ ಖಾಲಿ ಜಾಗದಲ್ಲಿ ಕಂಬಗಳು ಎದ್ದವು. ಲಾರಿಯ ಕೆಲಸದ ಹಳಬರು ಬಂದರು. ಕಿರಣ್‌ಕುಮಾರ್ ತುಮಕೂರಿನಿಂದ ಕ್ಯಾಮೆರಾ ತಂದ. ದೀಪ ಹೊತ್ತಿಕೊಂಡದ್ದೇ ತಡ, ಬೀದಿಯ ಜನ ಕುರ್ಚಿ, ಚಾಪೆ ಹಿಡಿದುಕೊಂಡು ಬಂದುಬಿಟ್ಟರು. ನಾಟಕ ಇಲ್ಲ, ಬರೀ ಫೋಟೋ ಎಂದು ಭೂಮಿಕಾ ಎಷ್ಟು ಹೇಳಿದರೂ ಯಾರೂ ಏಳಲಿಲ್ಲ. ಹಿಂದಿನ ಬೀದಿಯ ಹಾರ್ಮೋನಿಯಂ ಮೇಷ್ಟ್ರು ಸಂಗಮೇಶ್ ತಾವಾಗಿಯೇ ಪೆಟ್ಟಿಗೆ ಹೊತ್ತು ತಂದು, ಪಕ್ಕದಲ್ಲಿ ಕೂತು ಮೆಲ್ಲಗೆ ಬಾರಿಸಲು ಶುರುಮಾಡಿದರು.

ರುದ್ರಯ್ಯ ಮಡಿ ಪಂಚೆ ಉಟ್ಟು, ವಿಭೂತಿ ಧರಿಸಿ ಬಂದು ಪಕ್ಕದ ಕಂಬದ ಹತ್ತಿರ ಸ್ಟೂಲಿನ ಮೇಲೆ ಕೂತ. ಕೊರಳಲ್ಲಿ ಸೀಟಿ. ಪರದೆ ಬದಲಿಸಲು ಹಿಂದೆ ಸೀಟಿ ಊದುತ್ತಿದ್ದವನೂ ಅವನೇ. ಸೀಟಿ ಕೇಳಿದೊಡನೆ ರಸ್ತೆಯ ಸೀನು ಸರ್ರನೆ ಮೇಲೆ ಸುತ್ತಿಕೊಂಡಿತು, ಹಿಂದೆ ಕಾಡು. ಮತ್ತೊಮ್ಮೆ ಸೀಟಿ, ಕಾಡು ಹೋಗಿ ದರ್ಬಾರು. ಕಂಬಗಳು, ಆನೆಗಳು, ಮೇಲಿನಿಂದ ಇಳಿಬಿದ್ದ ಕೆಂಪು ಜಾಲರಿ. ಚಾಪೆಯ ಮೇಲಿನಿಂದ ಯಾರೋ ಶಿಳ್ಳೆ ಹಾಕಿದರು. ಸಿದ್ದಗಂಗಮ್ಮ ಜನರ ನಡುವೆ ನಿಂತು ನೋಡುತ್ತಿದ್ದಳು. ಇಷ್ಟು ವರ್ಷ ಅವಳು ನಿಂತದ್ದೆಲ್ಲ ಪರದೆಯ ಹಿಂದೆ, ಬಟ್ಟೆಯ ಟ್ರಂಕುಗಳ ಜೊತೆ. ಎಲ್ಲ ಸೀನುಗಳನ್ನೂ ಒಟ್ಟಿಗೆ, ಮುಂದಿನಿಂದ, ದೀಪದ ಬೆಳಕಿನಲ್ಲಿ ಅವಳು ನೋಡಿದ್ದು ಮದುವೆಗೆ ಮುಂಚೆ ಒಂದೇ ಸಲ.

ಉದ್ಯಾನವನ ಬಂದಾಗ ಕಿರಣ್‌ಕುಮಾರ್ ಫೋಟೋ ತೆಗೆದು, ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದ.

"ಅಯ್ನೋರೇ, ಈ ಸೀನಲ್ಲಿ ಇಷ್ಟೊಂದು ಗಿಳಿ ಯಾಕೆ? ಒಂದು ಮರದ ತುಂಬ ಅವೇ ಇದಾವೆ. ಇಲ್ಲಿ ನೋಡಿ, ಕಾರಂಜಿ ಮೇಲೂ ಒಂದು ಕೂತಿದೆ."

ರುದ್ರಯ್ಯ ಹೆಂಡತಿಯ ಕಡೆ ನೋಡಿದ.

"ಹರಿದಿದೆ, ಅದ್ಕೆ" ಎಂದಳು ಸಿದ್ದಗಂಗಮ್ಮ.

ರುದ್ರಯ್ಯ ನಕ್ಕುಬಿಟ್ಟ. ಅವನು ಅಷ್ಟು ಬಾಯಿ ತುಂಬ ನಕ್ಕು ಯಾವ ಕಾಲವಾಗಿತ್ತೋ. ನಗುವಿನ ನಡುವೆಯೇ ಸೀಟಿ ಊದಲು ಹೋಗಿ ಅದು ಅರ್ಧಕ್ಕೆ ನಿಂತಿತು. ಹಗ್ಗ ಹಿಡಿದವನು ಎಳೆಯುವುದೋ ಬೇಡವೋ ತಿಳಿಯದೆ ನಿಂತಿದ್ದ.

ಆಮೇಲಿನ ಕೆಲಸ ನಿಧಾನದ್ದು. ಭೂಮಿಕಾ ಭಾನುವಾರಗಳಂದು ಬಂದು ಕಲಿಸುತ್ತಿದ್ದಳು. ಫೋಟೋ ಹಿಡಿದು ಎಳೆದು ಜಾಗದಲ್ಲಿ ಕೂರಿಸುವುದು ಸಿದ್ದಗಂಗಮ್ಮನಿಗೆ ಬೇಗ ಬಂತು. ಟೈಪ್ ಮಾಡುವುದು ಬರಲಿಲ್ಲ, ಬಾಯಲ್ಲಿ ಹೇಳಿ ಫೋನಿನಿಂದಲೇ ಬರೆಸುವುದನ್ನು ಕಲಿತಳು. ಒಮ್ಮೆ ಏನನ್ನೋ ಒತ್ತಿ ಕೈಲಾಸದ ಸೀನೇ ಮಾಯವಾಗಿ, ಮಗಳಿಗೆ ಫ್ಯಾಕ್ಟರಿಗೇ ಫೋನು ಮಾಡಿದಳು. "ಅಮ್ಮ, ಹಿಂದಕ್ಕೆ ಅಂತ ಒಂದು ಬಾಣ ಇದೆ, ಅದನ್ನ ಒತ್ತು" ಎಂದಳು ಭೂಮಿಕಾ. ಕೈಲಾಸ ಮತ್ತೆ ಬಂತು.

ಪ್ರತಿ ಸೀನಿನ ಕೆಳಗೂ ಅದನ್ನು ಬರೆದವರ ಹೆಸರು ಹಾಕಿದಳು. ಮಾವನವರು ಬರೆದದ್ದಕ್ಕೆ ಮಾವನವರದು, ರುದ್ರಯ್ಯ ಬರೆದದ್ದಕ್ಕೆ ಅವನದು. ಪೋಷಾಕಿನ ಪುಟಕ್ಕೆ ಭೂಮಿಕಾ ಕೇಳದೆಯೇ ಅಮ್ಮನ ಹೆಸರು ಹಾಕಿದಳು. ಕೊನೆಯ ಪುಟವೊಂದು ಖಾಲಿ ಉಳಿದಿತ್ತು. ಅಲ್ಲಿ ಏನು ಹಾಕುವುದೆಂದು ತಿಳಿಯದೆ ಭೂಮಿಕಾ, ‘ನಮ್ಮ ಸೀನಿನ ಮುಂದೆ ನೀವು ತೆಗೆಸಿಕೊಂಡ ಹಳೆಯ ಫೋಟೋ ಇದ್ದರೆ ಕಳಿಸಿ’ ಎಂದು ಬರೆದಿಟ್ಟಳು.

ಆ ಸೀಸನ್ನಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ದೊಡ್ಡ ಊರಿನವರು ಎಲ್‌ಇಡಿ ಪರದೆಯ ಕಡೆಗೇ ಹೋದರು. ಕಡಬದವರೂ ವಾಪಸು ಬರಲಿಲ್ಲ. ಮಳೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಮೊದಲ ಫೋಟೋ ಬಂತು. ತುಮಕೂರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿರುವ ಅನುಪಮಾ ಎಂಬವಳು ಕಳಿಸಿದ್ದಳು. ಉದ್ಯಾನವನದ ಮುಂದೆ ಕಿರೀಟ ಹೊತ್ತು, ಗದೆ ಊರಿ ನಿಂತ ಒಬ್ಬ ಎತ್ತರದ ಮನುಷ್ಯ. ನಮ್ಮ ತಂದೆ, ತೀರಿಕೊಂಡು ಬಹಳ ಕಾಲವಾಯಿತು, ಇದೊಂದೇ ಫೋಟೋ ಇರುವುದು, ಇದು ಯಾವ ವರ್ಷದ್ದು ಎಂದು ನಿಮಗೇನಾದರೂ ಗೊತ್ತೇ ಎಂದು ಕೇಳಿದ್ದಳು.

ಸಿದ್ದಗಂಗಮ್ಮ ಅದನ್ನು ಗಂಡನ ಮುಂದೆ ಹಿಡಿದಳು. ರುದ್ರಯ್ಯ ಬಹಳ ಹೊತ್ತು ನೋಡಿದ.

"ಆ ಮನುಷ್ಯ ನೆನಪಿಲ್ಲ. ಆದ್ರೆ ಕಾರಂಜಿ ಮೇಲೆ ಇನ್ನೂ ಗಿಳಿ ಕೂತಿಲ್ಲ. ಕಾರಂಜಿ ಹರಿದಿದ್ದು ನಮ್ಮ ಭೂಮಿಕಾ ಹುಟ್ಟಿದ ವರ್ಷ, ಕುಣಿಗಲ್ಲಲ್ಲಿ ಗಾಳಿಗೆ. ಇದು ಅದಕ್ಕೆ ಮುಂಚಿಂದು."

ಅದನ್ನೇ ಉತ್ತರವಾಗಿ ಕಳಿಸಿದಳು. ಅನುಪಮಾ ಅದನ್ನು ಯಾರ್ಯಾರಿಗೆ ತೋರಿಸಿದಳೋ, ಆಮೇಲೆ ಫೋಟೋಗಳು ಒಂದರ ಹಿಂದೆ ಒಂದು ಬರತೊಡಗಿದವು. ಬಣ್ಣ ಮಾಸಿದವು, ಮೂಲೆ ಇಲಿ ತಿಂದವು, ಫ್ರೇಮಿನ ಗಾಜಿನ ಮೇಲಿಂದಲೇ ತೆಗೆದವು. ಮೀಸೆ ಅಂಟಿಸಿಕೊಂಡ ಮೇಷ್ಟ್ರುಗಳು, ಒಂದು ಕೈಯಲ್ಲಿ ಬಿಲ್ಲು ಇನ್ನೊಂದರಲ್ಲಿ ಬೀಡಿ ಹಿಡಿದ ರಾಜಕುಮಾರರು. ಎಲ್ಲರ ಹಿಂದೆಯೂ ಈ ಮನೆಯ ಸೀನು. ಊಟವಾದ ಮೇಲೆ ಸಿದ್ದಗಂಗಮ್ಮ ಒಂದೊಂದೇ ತೆರೆದು ತೋರಿಸುತ್ತಿದ್ದಳು. ರುದ್ರಯ್ಯ ಗಿಳಿ ಎಣಿಸಿ ಕಾಲ ಹೇಳುತ್ತಿದ್ದ. ಒಮ್ಮೊಮ್ಮೆ ಅವನು ಹೇಳಿದ್ದು ತಪ್ಪೂ ಆಗುತ್ತಿತ್ತು. ಕಳಿಸಿದವರು, ಇಲ್ಲ, ಅದು ನಮ್ಮ ಅಕ್ಕನ ಮದುವೆಯ ವರ್ಷ ಎಂದು ತಿದ್ದಿದರೆ ಅವನಿಗೆ ಒಂದು ದಿನ ಮುನಿಸು.

ಬೇರೆ ಬಗೆಯ ಗಿರಾಕಿಗಳೂ ಬಂದರು. ಶಾಲೆಯ ವಾರ್ಷಿಕೋತ್ಸವಕ್ಕೆ ಒಂದೇ ಒಂದು ಪರದೆ ಸಾಕು ಎನ್ನುವವರು, ಕಾಲೇಜಿನವರು. ಮದುವೆ ನಿಶ್ಚಯವಾದ ಜೋಡಿಯೊಂದು ಫೋಟೋ ತೆಗೆಸಲು ಕಾಡಿನ ಸೀನನ್ನು ದೇವರಾಯನದುರ್ಗಕ್ಕೆ ಒಯ್ಯಲು ಕೇಳಿತು. "ಅಲ್ಲಿ ಕಾಡು ಇದ್ಯಲ್ಲ, ನಮ್ಮ ಕಾಡು ಯಾಕೆ?" ಎಂದು ರುದ್ರಯ್ಯ ಕೇಳಿದ. "ಆ ಕಾಡು ಎಲ್ಲರ ಫೋಟೋದಲ್ಲೂ ಇರ್ತದಂತೆ" ಎಂದಳು ಅವಳು. ಹಂಗಾದ್ರೆ ಕಳಿಸು ಎಂದ ಅವನು.

ವರ್ಷದ ಬಾಡಿಗೆ ಮತ್ತೆ ಕಟ್ಟುವ ಕಾಲ ಬಂದಾಗ ಭೂಮಿಕಾ, ಇನ್ನೂ ಅಗ್ಗದ ಪ್ಲಾಟ್‌ಫಾರ್ಮ್ ಒಂದು ಬಂದಿದೆ, ಅದಕ್ಕೆ ಬದಲಾಯಿಸೋಣವಾ ಎಂದು ಕೇಳಿದಳು. ಸಿದ್ದಗಂಗಮ್ಮ ಕನ್ನಡಕ ಹಾಕಿಕೊಂಡು ಅದನ್ನೂ ತೆರೆಸಿ ನೋಡಿದಳು. ದರ್ಬಾರ್ ಸೀನನ್ನು ಹಾಕಿಸಿ, ಆನೆಗಳಿವೆಯೇ ಎಂದು ನೋಡಿದಳು. ಒಂದೇ ಆನೆ ಇತ್ತು. ಬೇಡ ಎಂದಳು.

ಈ ಸಲದ ಶಿವರಾತ್ರಿಗೆ ಮುಂಚೆ ಕುಣಿಗಲ್ಲಿನಿಂದ ಪುಟ್ಟತಾಯಮ್ಮ ಎಂಬವಳ ಫೋನು ಬಂತು. ಅವರದು ಹೆಂಗಸರ ಸ್ವಸಹಾಯ ಸಂಘ. ಪೌರಾಣಿಕ ನಾಟಕವೊಂದನ್ನು ತಾವೇ ಕಲಿತು ಆಡುತ್ತಿದ್ದಾರೆ, ಗಂಡು ಪಾತ್ರವೂ ಹೆಂಗಸರದ್ದೇ. ವೆಬ್‌ಸೈಟಿನಲ್ಲಿ ಸೀನು, ಪೋಷಾಕು ಎಲ್ಲ ನೋಡಿ, ಖಾಲಿ ಇರುವ ದಿನವನ್ನೂ ಹಿಡಿದಿದ್ದರು.

"ಒಂದೇ ತೊಂದ್ರೆ ಅಕ್ಕ" ಎಂದಳು ಪುಟ್ಟತಾಯಮ್ಮ. "ಫೋಟೋದಲ್ಲಿ ರಾಜನ ಬಟ್ಟೆ ನೋಡುದ್ರೆ ಅದ್ರೊಳಗೆ ನಮ್ಮೋರು ಇಬ್ರು ಹಿಡಿಸ್ತಾರೆ. ನಮ್ಮ ರಾಜಪಾರ್ಟಿನವ್ಳು ಅಂಗನವಾಡಿ ಟೀಚರು, ಕಡ್ಡಿ ಇದ್ದಂಗವ್ಳೆ."

"ಅಳತೆ ಕಳ್ಸಮ್ಮ. ಭುಜ, ಎದೆ, ಉದ್ದ. ಕೂತ್ಕೊಂಡಾಗ, ನಿಂತ್ಕೊಂಡಾಗ ಎರಡೂ" ಎಂದಳು ಸಿದ್ದಗಂಗಮ್ಮ.

ಅಳತೆ ಫೋನಿಗೇ ಬಂತು. ಅವಳು ಟ್ರಂಕು ತೆರೆದು, ಕಡುಗೆಂಪು ಮಖಮಲ್ಲಿನ ನಿಲುವಂಗಿಯನ್ನು ತೆಗೆದು ಜಗಲಿಯ ಬೆಳಕಿಗೆ ಹಿಡಿದಳು. ಎಷ್ಟು ಊರಿನ ಎಷ್ಟು ರಾಜರು ತೊಟ್ಟು ಬಿಟ್ಟಿದ್ದರೋ, ಕಂಕುಳಲ್ಲಿ ಮಖಮಲ್ಲು ತೆಳುವಾಗಿತ್ತು. ಪಕ್ಕದ ಹೊಲಿಗೆಯನ್ನು ಬ್ಲೇಡಿನಿಂದ ಮೆಲ್ಲಗೆ ಬಿಚ್ಚತೊಡಗಿದಳು. ರುದ್ರಯ್ಯ ಬಂದು ಪಕ್ಕದಲ್ಲಿ ಕೂತು, ಬಿಚ್ಚಿದ ಜರಿಯನ್ನು ಕಳೆದುಹೋಗದಂತೆ ಬೆರಳಿಗೆ ಸುತ್ತಿಕೊಳ್ಳುತ್ತ ಹೋದ.

"ಕಿರೀಟವೂ ದೊಡ್ಡದಾಗ್ತದಲ್ಲ ಆ ಟೀಚರಮ್ಮಂಗೆ" ಎಂದ.

"ಒಳಗೆ ಬಟ್ಟೆ ಕೂರಿಸ್ತೀನಿ. ಅಲ್ಲಾಡ್ಬಾರ್ದು, ಹಾಡೋವಾಗ."

"ಹಾಡ್ತಾಳಂತಾ?"

"ಚೆನ್ನಾಗಿ ಹಾಡ್ತಾಳಂತೆ" ಎಂದು ಸಿದ್ದಗಂಗಮ್ಮ ಮಿಷನ್ನಿನ ಮುಂದೆ ಸ್ಟೂಲು ಎಳೆದುಕೊಂಡಳು.